ಐದು ತಿಂಗಳ ಬಸುರಿನಲ್ಲಿ ಮುಖದ ತುಂಬ ಕೀವುಗಂಟುಗಳು: ಇದನ್ನು ಮೊಡವೆ ಎಂದು ಸುಮ್ಮನಿರಬಹುದೇ?

ಘಟಪ್ರಭೆಯ ದಂಡೆಯವಳು, ಮುಧೋಳ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನನಗೆ ಇಪ್ಪತ್ತೇಳು ವರ್ಷ. ಇದು ಚೊಚ್ಚಲ ಬಸುರು, ಈಗ 22ನೆಯ ವಾರ ನಡೆದಿದೆ. ಮೂರು ವಾರಗಳ ಹಿಂದೆ ಗದ್ದದ ಮೇಲೆ ಎರಡು ಕೆಂಪು ಗಂಟುಗಳು ಎದ್ದವು. ಮುಟ್ಟಿದರೆ ಜೀವ ಹೋಗುವಷ್ಟು ನೋವಿತ್ತು. ಎಂಟೇ ದಿನಗಳಲ್ಲಿ ಎರಡೂ ಕೆನ್ನೆ ಮತ್ತು ಹಣೆ ತುಂಬಿಕೊಂಡು, ಗಂಟುಗಳು ಒಂದಕ್ಕೊಂದು ಕೂಡಿ, ಈಗ ಎಡಗೆನ್ನೆಯನ್ನು ಅಕಸ್ಮಾತ್ ಒತ್ತಿದರೆ ಗದ್ದದ ಬಳಿಯ ತೂತಿನಿಂದ ಹಳದಿ ಕೀವು ಹೊರಬರುತ್ತದೆ. ಜ್ವರವಿಲ್ಲ. ಎದೆಯ ಮೇಲಾಗಲಿ ಬೆನ್ನಿನ ಮೇಲಾಗಲಿ ಒಂದು ಗುಳ್ಳೆಯೂ ಇಲ್ಲ. ಹರೆಯದಲ್ಲಿಯೂ ನನಗೆ ಹೇಳಿಕೊಳ್ಳುವಷ್ಟು ಮೊಡವೆ ಆಗಿರಲಿಲ್ಲ. ಆದರೆ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿದ ದಿನ ಕೆನ್ನೆಗಳು ಕೆಂಪೇರಿ ಸಂಜೆಯವರೆಗೂ ಉರಿಯುತ್ತಿದ್ದುದು ನೆನಪಿದೆ.

ಮೊದಲು ಊರಿನ ಔಷಧ ಅಂಗಡಿಯಲ್ಲಿ ಕೊಟ್ಟ ಒಂದು ಟ್ಯೂಬ್ ಹಚ್ಚಿದೆ. ಎರಡು ದಿನ ಕೆಂಪು ಇಳಿಯಿತು, ಮೂರನೆಯ ದಿನ ಇಮ್ಮಡಿಯಾಗಿ ಎದ್ದಿತು. ಆಮೇಲೆ ಐದು ದಿನದ ಕೀವಿನ ಮಾತ್ರೆ ನುಂಗಿದೆ, ಏನೂ ಗುಣ ಕಾಣಲಿಲ್ಲ. ಕಡೆಗೆ ಬಾಗಲಕೋಟೆಯ ಚರ್ಮರೋಗ ತಜ್ಞೆಯೊಬ್ಬರಿಗೆ ತೋರಿಸಿದಾಗ, ಇದು ಮೊಡವೆಯಲ್ಲ, ರೋಸೇಸಿಯಾ ಫಲ್ಮಿನಾನ್ಸ್ ಎಂಬ ಅಪರೂಪದ ಕಾಯಿಲೆ ಎಂದು ಹೇಳಿ, ದಿನಕ್ಕೆ 30 ಮಿಲಿಗ್ರಾಂ ಪ್ರೆಡ್ನಿಸೋಲೋನ್ ಎಂಬ ಸ್ಟೆರಾಯ್ಡ್ ಮಾತ್ರೆ ಬರೆದುಕೊಟ್ಟರು. ಮನೆಗೆ ಬಂದು ಹೇಳಿದ ಕೂಡಲೇ ಅತ್ತೆಯವರು, ಬಸುರಿಯಲ್ಲಿ ಸ್ಟೆರಾಯ್ಡ್ ನುಂಗಿದರೆ ಕೂಸಿಗೆ ಕೇಡು ಎಂದು ಬೇಡವೆಂದರು. ಚೀಟಿಯನ್ನು ಮಡಚಿ ತಾಯಿ ಕಾರ್ಡಿನೊಳಗೆ ಇಟ್ಟು ನಾಲ್ಕು ದಿನವಾಯಿತು. ಏಳನೆಯ ತಿಂಗಳಲ್ಲಿ ಕುಬಸವಿದೆ; ಅವ್ವ ಗುಳೇದಗುಡ್ಡದ ಖಣ ತಂದು ಇಟ್ಟಿದ್ದಾಳೆ. ಈ ಮುಖ ಹೊತ್ತು ನಾಲ್ಕು ಜನರ ನಡುವೆ ಹೇಗೆ ಕೂರಲಿ ಎಂಬ ಸಂಕಟ ಒಂದು ಕಡೆ, ಮಾತ್ರೆ ನುಂಗಿ ಕೂಸಿಗೆ ಏನಾದರೂ ಆದರೆ ಎಂಬ ಭಯ ಇನ್ನೊಂದು ಕಡೆ. ಇದನ್ನು ಅನುಭವಿಸಿದವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.

ಕನ್ನಡ ಶಾಲೆಯ ಟೀಚರ್, ಬೆಳಗಾವಿ

ತಂಗಿ, ನಿನ್ನ ಬರಹ ಓದುವಾಗ ನನ್ನ ಕೈ ನನಗೆ ತಿಳಿಯದೆಯೇ ಗದ್ದದ ಮೇಲೆ ಹೋಯಿತು. ನನ್ನ ಎರಡನೆಯ ಬಸುರಿನ ನಾಲ್ಕನೆಯ ತಿಂಗಳಲ್ಲಿ ಇದೇ ಕಾಯಿಲೆ ನನಗೂ ಬಂದಿತ್ತು. ಬೆಳಿಗ್ಗೆ ಏಳುವಾಗ ದಿಂಬಿನ ಹೊದಿಕೆ ಕೆನ್ನೆಗೆ ಅಂಟಿಕೊಂಡಿರುತ್ತಿತ್ತು. ಎಳೆದರೆ ರಕ್ತ ಬರುತ್ತದೆಂದು ನನ್ನ ಯಜಮಾನರು ಉಗುರುಬೆಚ್ಚಗಿನ ನೀರಿನಲ್ಲಿ ಹಳೆಯ ಧೋತರದ ತುಂಡನ್ನು ನೆನೆಸಿ, ಅಂಟಿದ ಜಾಗಕ್ಕೆ ಇಟ್ಟು, ಹತ್ತು ನಿಮಿಷ ಕಾದು, ಎಳೆಎಳೆಯಾಗಿ ಬಿಡಿಸುತ್ತಿದ್ದರು. ಹಿರಿಯ ಮಗಳಿಗೆ ಆಗ ನಾಲ್ಕು ವರ್ಷ. ಅವಳು ನನ್ನ ಮುಖವನ್ನು ನೋಡಿ ಅಜ್ಜಿಯ ಕೋಣೆಗೆ ಓಡಿದ ದಿನವನ್ನು ನಾನು ಮರೆತಿಲ್ಲ.

ನನ್ನ ತಪ್ಪು ಏನೆಂದರೆ, ಬಸುರಿನ ಮೊಡವೆ ಹೆರಿಗೆಯಾದ ಮೇಲೆ ತಾನೇ ಹೋಗುತ್ತದೆ ಎಂಬ ಮಾತನ್ನು ನಂಬಿ ಆರು ವಾರ ಕಳೆದೆ. ಅಷ್ಟರಲ್ಲಿ ಒಂದು ಬ್ಯೂಟಿ ಪಾರ್ಲರಿನಲ್ಲಿ ಗಂಟುಗಳನ್ನು ಹಿಸುಕಿ ಕೀವು ತೆಗೆದರು. ಇಂದಿಗೂ ನನ್ನ ಬಲಗೆನ್ನೆಯಲ್ಲಿ ಹೆಬ್ಬೆರಳು ಊರಿದಂತಿರುವ ಎರಡು ಕುಳಿಗಳು ಅವರು ಹಿಸುಕಿದ ಜಾಗದಲ್ಲಿಯೇ ಉಳಿದಿವೆ. ಹಿಸುಕದ ಎಡಗೆನ್ನೆ ಬಹುಮಟ್ಟಿಗೆ ನಯವಾಗಿ ಮಾದಿದೆ. ಆಮೇಲೆ ಚರ್ಮದ ಡಾಕ್ಟರು ಮತ್ತು ಹೆರಿಗೆಯ ಡಾಕ್ಟರು ಒಬ್ಬರಿಗೊಬ್ಬರು ಫೋನಿನಲ್ಲಿ ಮಾತಾಡಿಕೊಂಡು ನನಗೂ ಪ್ರೆಡ್ನಿಸೋಲೋನನ್ನೇ ಕೊಟ್ಟರು. ಮೊದಲ ವಾರದಲ್ಲಿಯೇ ಉರಿ ಮತ್ತು ಬಿಗಿತ ಇಳಿದು, ಎರಡನೆಯ ವಾರದ ಕೊನೆಗೆ ಹೊಸ ಗಂಟು ಏಳುವುದು ನಿಂತಿತು. ಕೆಂಪು ಮಾತ್ರ ಬಹಳ ದಿನ ಉಳಿಯಿತು. ಮಗ ತಿಂಗಳು ತುಂಬಿಯೇ ಹುಟ್ಟಿದ. ಇದು ನನ್ನೊಬ್ಬಳ ಅನುಭವವೇ ಹೊರತು ನಿನಗೆ ಔಷಧ ಹೇಳುವ ಅಧಿಕಾರ ನನಗಿಲ್ಲ. ಆದರೆ ಚೀಟಿಯನ್ನು ಕಾರ್ಡಿನೊಳಗೇ ಇಟ್ಟು ದಿನ ಕಳೆಯಬೇಡ. ನಿನ್ನ ಹೆರಿಗೆಯ ಡಾಕ್ಟರಿಗೆ ನಾಳೆಯೇ ತೋರಿಸು.

ಚರ್ಮರೋಗ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿನಿ, ವಿಜಯಪುರ

ನಿಮ್ಮ ಮುಖವನ್ನು ನಾನು ಕಣ್ಣಾರೆ ನೋಡಿಲ್ಲವಾದ್ದರಿಂದ ನಿಮ್ಮ ವೈದ್ಯೆಯ ಮಾತೇ ಅಂತಿಮವೆಂದು ಮೊದಲಿಗೇ ಹೇಳಿ, ಕಾಯಿಲೆಯ ಬಗ್ಗೆ ತಿಳಿದಷ್ಟನ್ನು ಬಿಡಿಸಿ ಬರೆಯುತ್ತೇನೆ.

1940ರಲ್ಲಿ ಇದನ್ನು ಮೊದಲು ವಿವರಿಸಿದವರು ಪಯೋಡರ್ಮಾ ಫೇಶಿಯಾಲೆ ಎಂದು ಕರೆದರು; ಅಂದರೆ ಮುಖದ ಕೀವುರೋಗ. ಆ ಹೆಸರೇ ಅನೇಕರನ್ನು ದಾರಿ ತಪ್ಪಿಸಿತು. ಕೀವು ಕಂಡೊಡನೆ ಸೋಂಕು ಎಂದುಕೊಂಡು ಆ್ಯಂಟಿಬಯೋಟಿಕ್ ಮೇಲೆ ಆ್ಯಂಟಿಬಯೋಟಿಕ್ ಕೊಡುವುದು ಇಂದಿಗೂ ನಡೆದಿದೆ. ಕೀವನ್ನು ಪರೀಕ್ಷೆಗೆ ಕಳುಹಿಸಿದರೆ ಸಾಮಾನ್ಯವಾಗಿ ಚರ್ಮದ ಮೇಲೆ ಎಲ್ಲರಿಗೂ ಇರುವ ಜೀವಾಣುಗಳೇ ಸಿಗುತ್ತವೆ. ಇದು ಹೊರಗಿನ ಸೋಂಕಿಗಿಂತ ಹೆಚ್ಚಾಗಿ ದೇಹದ ಸ್ವಂತ ರಕ್ಷಣಾ ವ್ಯವಸ್ಥೆ ಮುಖದ ಚರ್ಮದಲ್ಲಿ ಕೆರಳಿ ಎಬ್ಬಿಸುವ ಉರಿಯೂತವೆಂದು ತಿಳಿದು, 1992ರಲ್ಲಿ ಪ್ಲೆವಿಗ್, ಯಾನ್ಸೆನ್ ಮತ್ತು ಕ್ಲಿಗ್ಮನ್ ಎಂಬ ಚರ್ಮರೋಗ ತಜ್ಞರು ರೋಸೇಸಿಯಾ ಫಲ್ಮಿನಾನ್ಸ್ ಎಂಬ ಹೆಸರು ಕೊಟ್ಟರು. ಸಿಡಿಲಿನಂತೆ ಎರಗುವುದು ಎಂಬುದು ಆ ಎರಡನೆಯ ಪದದ ಧ್ವನಿ. ಬಹುತೇಕ ಹೆಂಗಸರಿಗೆ, ಅದರಲ್ಲಿಯೂ ಇಪ್ಪತ್ತು ಮೂವತ್ತರ ವಯಸ್ಸಿನವರಿಗೆ, ದಿನಗಳಲ್ಲಿ ಅಥವಾ ಕೆಲವೇ ವಾರಗಳಲ್ಲಿ ಬರುತ್ತದೆ. ಬಸುರಿನಲ್ಲಿ ಕಾಣಿಸಿಕೊಂಡ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿ ಹಲವು ದಾಖಲಾಗಿವೆ. ಆಗ ಏರಿಳಿಯುವ ಹಾರ್ಮೋನುಗಳೂ ಬದಲಾಗುವ ರೋಗನಿರೋಧಕ ವ್ಯವಸ್ಥೆಯೂ ಇದನ್ನು ಕೆಣಕುತ್ತವೆ ಎಂದು ಭಾವಿಸಲಾಗಿದೆ.

ನೀವು ಬರೆದ ಮೂರು ಗುರುತುಗಳು ಮುಖ್ಯವಾದವು. ಮೊಡವೆಯಾಗಿದ್ದರೆ ಕಪ್ಪು ತಲೆಯ, ಬಿಳಿ ತಲೆಯ ಸಣ್ಣ ಮುಳ್ಳುಗಳು ಇರುತ್ತವೆ ಮತ್ತು ಎದೆ ಬೆನ್ನಿಗೂ ಹರಡುವುದುಂಟು. ಇದು ಮುಖವನ್ನು ದಾಟುವುದಿಲ್ಲ. ಮೊಡವೆ ತಿಂಗಳುಗಟ್ಟಲೆ ಬೆಳೆಯುತ್ತದೆ; ಇದು ಏಕಾಏಕಿ ಏಳುತ್ತದೆ. ಒಲೆಯ ಮುಂದೆ ಕೆನ್ನೆ ಕೆಂಪೇರುತ್ತಿತ್ತು ಎಂಬ ನಿಮ್ಮ ಹಳೆಯ ನೆನಪು ರೋಸೇಸಿಯಾದ, ಅಂದರೆ ಮುಖ ಪದೇ ಪದೇ ಕೆಂಪೇರುವ ಚರ್ಮದ ಕಾಯಿಲೆಯ, ಪ್ರವೃತ್ತಿಗೆ ಹೊಂದುತ್ತದೆ. ನಮ್ಮ ಬಣ್ಣದ ಚರ್ಮದಲ್ಲಿ ಆ ಕೆಂಪು ಸುಲಭವಾಗಿ ಕಾಣದಿರುವುದರಿಂದ ರೋಸೇಸಿಯಾ ಬಿಳಿಯರ ಕಾಯಿಲೆ ಎಂಬ ತಪ್ಪು ತಿಳಿವಳಿಕೆ ವೈದ್ಯರಲ್ಲಿಯೂ ಇದೆ.

ಬಸುರಿಲ್ಲದ ಹೆಂಗಸಿಗೆ ಇದೇ ಕಾಯಿಲೆ ಬಂದರೆ ಪ್ರೆಡ್ನಿಸೋಲೋನ್ ಜೊತೆಗೆ ಐಸೊಟ್ರೆಟಿನಾಯಿನ್ ಎಂಬ ಮೊಡವೆಯ ಮಾತ್ರೆ ಕೊಡುತ್ತಾರೆ. ಬಸುರಿಯಲ್ಲಿ ಆ ಎರಡನೆಯದನ್ನು ಯಾವ ಕಾರಣಕ್ಕೂ ಕೊಡುವಂತಿಲ್ಲ. ಡಾಕ್ಸಿಸೈಕ್ಲಿನ್, ಮಿನೊಸೈಕ್ಲಿನ್ ಗುಂಪಿನ ಮಾತ್ರೆಗಳೂ ಬೇಡ. ನಾಲ್ಕನೆಯ ತಿಂಗಳ ನಂತರ ಅವು ಮಗುವಿನ ಹುಟ್ಟಲಿರುವ ಹಲ್ಲುಗಳ ಬಣ್ಣವನ್ನು ಕೆಡಿಸಬಲ್ಲವು, ಮೂಳೆಯಲ್ಲಿಯೂ ಸೇರಿಕೊಳ್ಳುತ್ತವೆ. ಹಾಗಾಗಿ ಉಳಿಯುವುದು ಪ್ರೆಡ್ನಿಸೋಲೋನ್, ಅದರ ಜೊತೆಗೆ ಅಜಿತ್ರೊಮೈಸಿನ್ ಅಥವಾ ಎರಿತ್ರೊಮೈಸಿನ್, ಮೇಲೆ ಹಚ್ಚಲು ಮೆಟ್ರೊನಿಡಜೋಲ್ ಜೆಲ್ ಅಥವಾ ಅಜೆಲೈಕ್ ಆ್ಯಸಿಡ್. ಎರಿತ್ರೊಮೈಸಿನ್ ಬರೆದಿದ್ದರೆ ಅದು ಎಸ್ಟೊಲೇಟ್ ರೂಪದ್ದಾಗಿರಬಾರದು, ಅದು ಬಸುರಿಯರ ಯಕೃತ್ತಿಗೆ ತೊಂದರೆ ಕೊಡಬಹುದು.

ಇನ್ನು ನಿಮ್ಮ ಅತ್ತೆಯವರ ಭಯದ ಮಾತು. ಅವರು ಕೇಳಿದ್ದು ಪೂರ್ತಿ ಸುಳ್ಳಲ್ಲ, ಆದರೆ ಎಲ್ಲ ಸ್ಟೆರಾಯ್ಡುಗಳೂ ಒಂದೇ ಅಲ್ಲ. ಮಾಸಿನಲ್ಲಿರುವ ಒಂದು ಕಿಣ್ವವು ಪ್ರೆಡ್ನಿಸೋಲೋನಿನ ಬಹುಪಾಲನ್ನು ನಿಷ್ಕ್ರಿಯಗೊಳಿಸಿಬಿಡುತ್ತದೆ. ತಾಯಿಯ ರಕ್ತದಲ್ಲಿರುವುದರ ಸುಮಾರು ಹತ್ತನೆಯ ಒಂದು ಪಾಲು ಮಾತ್ರ ಮಗುವನ್ನು ತಲುಪುತ್ತದೆ. ಬೀಟಾಮೆಥಸೋನ್ ಮತ್ತು ಡೆಕ್ಸಾಮೆಥಸೋನ್ ಹಾಗಲ್ಲ, ಅವು ಮಾಸನ್ನು ದಾಟಿ ಹೋಗುತ್ತವೆ; ಅವಧಿಗೆ ಮುನ್ನ ಹೆರಿಗೆಯಾಗುವ ಸಂಭವವಿದ್ದಾಗ ಮಗುವಿನ ಶ್ವಾಸಕೋಶ ಬಲಿಯಲೆಂದು ಅವನ್ನು ಕೊಡುವುದು ಇದೇ ಕಾರಣಕ್ಕೆ. ಆದ್ದರಿಂದ ತಾಯಿಯ ಚರ್ಮಕ್ಕೆ ಔಷಧ ಬೇಕಾದಾಗ ನಾವು ಪ್ರೆಡ್ನಿಸೋಲೋನನ್ನು ಆರಿಸುತ್ತೇವೆ. ಅಪಾಯವೇ ಇಲ್ಲವೆಂದು ಹೇಳಲಾರೆ: ತಾಯಿಗೆ ಸಕ್ಕರೆ ಏರಬಹುದು, ರಕ್ತದೊತ್ತಡ ಏರಬಹುದು, ಹೆಚ್ಚಿನ ಪ್ರಮಾಣದಲ್ಲಿ ಬಹುಕಾಲ ತೆಗೆದುಕೊಂಡರೆ ಮಗುವಿನ ಬೆಳವಣಿಗೆಯ ಮೇಲೆ ಕಣ್ಣಿಡಬೇಕಾಗುತ್ತದೆ. ಆದ್ದರಿಂದ 75 ಗ್ರಾಂ ಗ್ಲುಕೋಸ್ ಕುಡಿಸಿ ಎರಡು ಗಂಟೆಯ ನಂತರ ಮಾಡುವ ಸಕ್ಕರೆ ಪರೀಕ್ಷೆಯನ್ನು ತಪ್ಪಿಸಬೇಡಿ. 140 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಕೂಡಲೇ ತಿಳಿಸಬೇಕು. ಮಾತ್ರೆಯನ್ನು ಬೆಳಿಗ್ಗೆ ಊಟ ತಿಂಡಿಯ ನಂತರ ನುಂಗಿ. ಗುಣವಾಯಿತೆಂದು ನೀವಾಗಿಯೇ ಒಮ್ಮೆಗೇ ನಿಲ್ಲಿಸಬೇಡಿ. ವಾರಗಳ ಲೆಕ್ಕದಲ್ಲಿ ಇಳಿಸುತ್ತ ಬರಬೇಕು.

ಒಂದು ಮಾತು ಬಾಕಿ ಇದೆ. ಕಣ್ಣು ಕೆಂಪಾಗಿ ಮರಳು ಬಿದ್ದಂತೆ ಚುಚ್ಚಿದರೆ ಕಣ್ಣಿನ ವೈದ್ಯರಿಗೆ ತೋರಿಸಿ, ರೋಸೇಸಿಯಾ ಕಣ್ಣಿಗೂ ಇಳಿಯುತ್ತದೆ. ಜ್ವರ, ಮೈನಡುಕ, ಅಥವಾ ತೊಡೆಸಂದು ಕಂಕುಳುಗಳಲ್ಲಿ ಸಾಲುಸಾಲು ಕೀವುಗುಳ್ಳೆ ಕಂಡರೆ ಮರುದಿನಕ್ಕೆ ಕಾಯಬೇಡಿ. ಅದು ತಾಯಿಗೂ ಮಗುವಿಗೂ ಅಪಾಯವಾಗಬಲ್ಲ ಬೇರೊಂದು ಕಾಯಿಲೆಯ ಲಕ್ಷಣ.

ಔಷಧ ಅಂಗಡಿಯವನು, ಜಮಖಂಡಿ

ಈ ಸಹೋದರಿಯ ಮೊದಲ ಬರಹದಲ್ಲಿದ್ದ ಆ ಟ್ಯೂಬಿನ ಮಾತು ನನ್ನ ನಿದ್ದೆ ಕೆಡಿಸಿತು, ಏಕೆಂದರೆ ಅಂಥ ಟ್ಯೂಬುಗಳನ್ನು ನಾನೂ ವರ್ಷಗಟ್ಟಲೆ ಮಾರಿದ್ದೇನೆ. ಮುಖಕ್ಕೆ ಎಂದು ಕೇಳಿದರೆ ನಮ್ಮ ಅಂಗಡಿಗಳಲ್ಲಿ ಕೈಗೆ ಮೊದಲು ಸಿಗುವುದು ಬೀಟಾಮೆಥಸೋನ್, ಕ್ಲೊಬೆಟಸಾಲ್ ಅಥವಾ ಮೊಮೆಟಸೋನ್ ಇರುವ ಕ್ರೀಮು. ಎರಡು ದಿನದಲ್ಲಿ ಕೆಂಪು ಇಳಿಯುತ್ತದೆ, ಗಿರಾಕಿ ಹೊಗಳುತ್ತಾರೆ, ಮತ್ತೆ ಬರುತ್ತಾರೆ. ಬಿಟ್ಟರೆ ಇಮ್ಮಡಿಯಾಗಿ ಏಳುತ್ತದೆಂದು ಮತ್ತೆ ಹಚ್ಚುತ್ತಾರೆ. 2018ರಲ್ಲಿ ಕೇಂದ್ರ ಸರ್ಕಾರ ಸ್ಟೆರಾಯ್ಡ್ ಕ್ರೀಮುಗಳನ್ನು ಷೆಡ್ಯೂಲ್ ಎಚ್‌ಗೆ ಸೇರಿಸಿ, ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಸ್ಪಷ್ಟಪಡಿಸಿತು. ನಿಯಮ ಬಂದರೂ ರೂಢಿ ಹೋಗಿಲ್ಲ.

ಇನ್ನೊಂದು ಬಗೆಯ ಕ್ರೀಮಿನ ಬಗ್ಗೆ ಎಚ್ಚರಿಸಬೇಕು. ಬಂಗು ಹೋಗಲಿ, ಬಣ್ಣ ಬರಲಿ ಎಂದು ಹಚ್ಚುವ ಮೂರು ಔಷಧಗಳ ಮಿಶ್ರಣದಲ್ಲಿ ಸ್ಟೆರಾಯ್ಡ್, ಹೈಡ್ರೊಕ್ವಿನೋನ್ ಮತ್ತು ಟ್ರೆಟಿನಾಯಿನ್ ಇರುತ್ತವೆ. ಟ್ರೆಟಿನಾಯಿನ್ ಐಸೊಟ್ರೆಟಿನಾಯಿನ್ ಬಳಗದ್ದು. ಹೈಡ್ರೊಕ್ವಿನೋನ್ ಹಚ್ಚಿದ್ದರಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಚರ್ಮದ ಮೂಲಕ ರಕ್ತಕ್ಕೆ ಸೇರುತ್ತದೆ. ಬಸುರಿಯರಿಗೆ ಇವೆರಡೂ ಬೇಡವೆಂದೇ ವೈದ್ಯರು ಹೇಳುತ್ತಾರೆ. ಆದರೂ ಬಸುರಿನಲ್ಲಿಯೇ ಬಂಗು ಹೆಚ್ಚಾಗುವುದರಿಂದ ಅದನ್ನು ಕೇಳಿಕೊಂಡು ಬರುವವರಲ್ಲಿ ಬಸುರಿಯರೇ ಹೆಚ್ಚು. ಈಗ ನಾನು ಮುಖದ ಕ್ರೀಮು ಕೇಳುವ ಪ್ರತಿಯೊಬ್ಬ ಹೆಂಗಸಿಗೂ, ತಾಯಿ, ದಿನ ತಪ್ಪಿದೆಯೇ ಎಂದು ಕೇಳಿಯೇ ಮುಂದಿನ ಮಾತಾಡುತ್ತೇನೆ. ಕೇಳಲು ಸಂಕೋಚವಾಗುತ್ತದೆ. ಆದರೂ ಕೇಳುತ್ತೇನೆ.

ಇಳಕಲ್ಲಿನ ಹಿರಿಯಳು

ನಾನು ಆ ಹುಡುಗಿಯ ಅತ್ತೆಯ ವಯಸ್ಸಿನವಳು, ಆದ್ದರಿಂದ ಅವರ ಪರವಾಗಿ ಒಂದು ಮಾತು ಹೇಳುತ್ತೇನೆ. ನಮ್ಮ ಕಾಲದಲ್ಲಿ ಬಸುರಿಗೆ ಗುಳಿಗೆಯೆಂದರೆ ಕಬ್ಬಿಣದ ಗುಳಿಗೆ ಒಂದೇ. ಮಿಕ್ಕದ್ದೆಲ್ಲ ಕೂಸಿಗೆ ಕೇಡೆಂದೇ ಬೆಳೆದವರು ನಾವು. ಅವರು ತಡೆದದ್ದು ಹೊಟ್ಟೆಯಲ್ಲಿರುವ ಮೊಮ್ಮಗುವಿನ ಮೇಲಿನ ಅಕ್ಕರೆಯಿಂದ. ನನಗಿರುವ ಪ್ರಶ್ನೆ ಬೇರೆ. ಕೀವಿದ್ದಾಗ ಬದನೆಕಾಯಿ, ಶೇಂಗಾ, ಮೊಸರು ನಂಜೆಂದು ಬಿಡಿಸುತ್ತೇವೆ. ಬೇವಿನ ತಪ್ಪಲು ಅರೆದು ಅರಿಶಿನ ಕೂಡಿಸಿ ಹಚ್ಚುತ್ತೇವೆ. ಈ ಕಾಯಿಲೆಗೆ ಅದು ನಡೆಯುತ್ತದೆಯೇ?

ಶುಶ್ರೂಷಕಿ, ಹೆರಿಗೆ ವಾರ್ಡು, ವಿಜಯಪುರ

ಅಮ್ಮಾ, ನೀವು ಕೇಳಿದ್ದು ಒಳ್ಳೆಯದಾಯಿತು, ಏಕೆಂದರೆ ಇದೇ ಕಾರಣಕ್ಕೆ ಬಸುರಿಯರು ಬರೀ ಅನ್ನ ಸಾರಿನಲ್ಲಿ ದಿನ ಕಳೆದು ರಕ್ತ ಕಡಿಮೆಯಾಗಿ ನಮ್ಮ ವಾರ್ಡಿಗೆ ಬರುವುದನ್ನು ನೋಡುತ್ತಿದ್ದೇನೆ. ಶೇಂಗಾ, ಮೊಸರು, ಕಾಳು, ಸೊಪ್ಪು ಯಾವುದನ್ನೂ ಬಿಡಿಸಬೇಡಿ. ಅವುಗಳಿಂದ ಕೀವು ಹೆಚ್ಚುವುದಿಲ್ಲ. ರೋಸೇಸಿಯಾ ಇರುವವರಿಗೆ ಕುದಿಯುವ ಚಹಾ ಮತ್ತು ಅತಿ ಖಾರ ಮುಖವನ್ನು ಕೆಂಪೇರಿಸಬಹುದು, ಹಾಗಾಗಿ ರಂಜಕದಂಥ ಖಾರದ ಚಟ್ನಿಯನ್ನು ಕೆಲವು ದಿನ ದೂರವಿಡಿ. ಅದಕ್ಕಿಂತ ದೊಡ್ಡ ಶತ್ರು ಒಲೆಯ ಝಳ ಮತ್ತು ಬಿಸಿಲು. ಹಂಚಿನ ಮೇಲೆ ಬಾಗಿ ಹತ್ತಿಪ್ಪತ್ತು ರೊಟ್ಟಿ ಬೇಯಿಸುವುದೆಂದರೆ ಅರ್ಧ ತಾಸು ಮುಖವನ್ನು ಬೆಂಕಿಗೆ ಹಿಡಿದಂತೆಯೇ.

ಅಡುಗೆಯಲ್ಲಿ ಹೊಟ್ಟೆಗೆ ಹೋಗುವ ಅರಿಶಿನಕ್ಕೆ ಅಡ್ಡಿಯಿಲ್ಲ. ಒಡೆದ ಗಂಟಿನ ಮೇಲೆ ಬೇವು, ಅರಿಶಿನ, ಲಿಂಬೆರಸ, ಟೂತ್‌ಪೇಸ್ಟ್ ಯಾವುದನ್ನೂ ಹಚ್ಚಬೇಡಿ. ಕಾಯಿಸಿ ಆರಿಸಿದ ನೀರಿನಲ್ಲಿ ನೆನೆಸಿದ ಶುಭ್ರವಾದ ಮೆತ್ತನೆಯ ಬಟ್ಟೆಯನ್ನು ದಿನಕ್ಕೆ ಎರಡು ಮೂರು ಸಲ ಹತ್ತು ನಿಮಿಷ ಇಟ್ಟರೆ ಹಕ್ಕಳೆ ಮೆತ್ತಗಾಗಿ ಬರುತ್ತದೆ, ಉರಿಯೂ ಇಳಿಯುತ್ತದೆ. ಖಾಸಗಿ ತಜ್ಞರಿಗೆ ತೋರಿಸಲು ಹಣದ ಅಡಚಣೆಯಿರುವವರು ಬೆಳಗಾವಿಯ ಸರ್ಕಾರಿ ಬಿಮ್ಸ್ ಆಸ್ಪತ್ರೆಗೆ ಹೋಗಬಹುದು. ಪ್ರತಿ ತಿಂಗಳ 9ನೆಯ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರ ವಿಶೇಷ ತಪಾಸಣೆ ನಡೆಯುತ್ತದೆ. ಅಂದು ಮುಖವನ್ನೂ ತೋರಿಸಿ, ಹೊಟ್ಟೆಯ ತಪಾಸಣೆಗೆ ಬಂದವಳು ಮುಖದ ಮಾತು ಎತ್ತಬಾರದೆಂಬ ನಿಯಮವೇನಿಲ್ಲ.

ಘಟಪ್ರಭೆಯ ದಂಡೆಯವಳು, ಮುಧೋಳ ತಾಲ್ಲೂಕು

ಎಲ್ಲರ ಬರಹಗಳನ್ನೂ ಅತ್ತೆಯವರಿಗೆ ಜೋರಾಗಿ ಓದಿ ಹೇಳಿದೆ. ಮಾಸು ಔಷಧವನ್ನು ತಡೆಯುತ್ತದೆ ಎಂಬ ಮಾತನ್ನು ಎರಡು ಸಲ ಓದಿಸಿದರು. ನಾಳೆ ಹೆರಿಗೆಯ ಡಾಕ್ಟರ ಹತ್ತಿರ ತಾವೇ ಬರುವುದಾಗಿ ಹೇಳಿದ್ದಾರೆ. ಈ ನಡುವೆ ಒಂದು ಸಂಗತಿ ನಡೆದಿದೆ, ಕೇಳದೆ ಇರಲಾರೆ. ನನ್ನ ಮೈದುನ ಮೊಡವೆಗಾಗಿ ಐಸೊಟ್ರೆಟಿನಾಯಿನ್ ಮಾತ್ರೆ ತೆಗೆದುಕೊಳ್ಳುತ್ತಾನೆ. ಡಾಕ್ಟರು ಇದೇ ಕಾಯಿಲೆಗೆ ಅದನ್ನು ಕೊಡುತ್ತಾರೆಂದು ಎಲ್ಲಿಯೋ ಓದಿ, ಅತ್ತಿಗೆಗೆ ಒಂದೆರಡು ಕೊಟ್ಟು ನೋಡೋಣ ಎಂದು ಪ್ರೀತಿಯಿಂದ ಮಾತ್ರೆಯ ಎಲೆಯೊಂದನ್ನು ನನ್ನ ಮೇಜಿನ ಮೇಲೆ ಇಟ್ಟಿದ್ದ. ನಾನು ನುಂಗಿಲ್ಲ. ಒಂದೆರಡರಿಂದಲೂ ತೊಂದರೆಯೇ?

ಚರ್ಮರೋಗ ವಿಭಾಗದ ಸ್ನಾತಕೋತ್ತರ ವಿದ್ಯಾರ್ಥಿನಿ, ವಿಜಯಪುರ

ಆ ಎಲೆಯನ್ನು ಈಗಲೇ ನಿಮ್ಮ ಕೋಣೆಯಿಂದ ಹೊರಗೆ ಕಳುಹಿಸಿ. 1982ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದ ಈ ಔಷಧ ಮಗುವಿನ ಕಿವಿ, ಮಿದುಳು, ಹೃದಯ ಮತ್ತು ಮುಖದ ರಚನೆಯನ್ನು ವಿರೂಪಗೊಳಿಸುತ್ತದೆ, ಗರ್ಭಪಾತವನ್ನೂ ಉಂಟುಮಾಡುತ್ತದೆ. ಇಷ್ಟು ನುಂಗಿದರೆ ಅಪಾಯವಿಲ್ಲ ಎಂದು ಹೇಳಬಹುದಾದ ಪ್ರಮಾಣವೇ ಇಲ್ಲ. ಇದನ್ನು ತೆಗೆದುಕೊಳ್ಳುವ ಹೆಂಗಸು ಆರಂಭಕ್ಕೆ ಒಂದು ತಿಂಗಳು ಮುಂಚೆಯಿಂದ ಮುಗಿದ ಮೇಲೆ ಒಂದು ತಿಂಗಳವರೆಗೆ ಬಸುರಾಗದಂತೆ ನೋಡಿಕೊಳ್ಳಬೇಕು. ನಿಮ್ಮ ಮೈದುನನಿಗೂ ಒಂದು ಮಾತು ತಿಳಿಸಿ: ಮಾತ್ರೆ ನಡೆದಿರುವಾಗ ಮತ್ತು ನಿಲ್ಲಿಸಿದ ನಂತರ ಒಂದು ತಿಂಗಳು ಅವರು ರಕ್ತದಾನ ಮಾಡಬಾರದು, ಆ ರಕ್ತ ಯಾವ ಬಸುರಿಗೆ ಸೇರುತ್ತದೋ ಯಾರಿಗೂ ತಿಳಿಯದು.

ಘಟಪ್ರಭೆಯ ದಂಡೆಯವಳು, ಮುಧೋಳ ತಾಲ್ಲೂಕು

ಏಳು ವಾರಗಳ ನಂತರ ಬರೆಯುತ್ತಿದ್ದೇನೆ. ಹೆರಿಗೆಯ ಡಾಕ್ಟರು ಚೀಟಿಯನ್ನು ನೋಡಿ ಒಪ್ಪಿದರು. ಮರುದಿನವೇ ಮಾತ್ರೆ ಶುರುವಾಯಿತು. ಹತ್ತನೆಯ ದಿನಕ್ಕೆ ಕೀವು ನಿಂತಿತು. ಗಂಟುಗಳು ಕರಗಲು ಇನ್ನೂ ನಾಲ್ಕು ವಾರ ಹಿಡಿಯಿತು. ಸಕ್ಕರೆ ಪರೀಕ್ಷೆಯಲ್ಲಿ 146 ಬಂದದ್ದರಿಂದ ಊಟದಲ್ಲಿ ಅನ್ನ ಬೆಲ್ಲಗಳನ್ನು ಕಡಿಮೆ ಮಾಡಿಸಿದ್ದಾರೆ, ಹದಿನೈದು ದಿನಕ್ಕೊಮ್ಮೆ ನೋಡುತ್ತಿದ್ದಾರೆ. ಈಗ ಪ್ರೆಡ್ನಿಸೋಲೋನ್ 10 ಮಿಲಿಗ್ರಾಮಿಗೆ ಇಳಿದಿದೆ. ಸ್ಕ್ಯಾನಿನಲ್ಲಿ ಕೂಸಿನ ತೂಕ ತಿಂಗಳಿಗೆ ತಕ್ಕಂತಿದೆ. ರೊಟ್ಟಿಯ ಕೆಲಸವನ್ನು ಅತ್ತೆಯವರು ತಾವೇ ವಹಿಸಿಕೊಂಡು ನನ್ನನ್ನು ಒಲೆಯ ಹತ್ತಿರ ಬಿಡುತ್ತಿಲ್ಲ.

ಕುಬಸ ಹೋದ ವಾರ ಆಯಿತು. ಕೆನ್ನೆಗಳ ಮೇಲೆ ನೇರಳೆ ಬಣ್ಣದ ಕಲೆಗಳು ಇನ್ನೂ ಇವೆ. ಉಡಿ ತುಂಬಲು ಬಂದವರಲ್ಲಿ ಒಬ್ಬಿಬ್ಬರು ಮುಖವನ್ನು ದಿಟ್ಟಿಸಿದರು. ಕೇಳುವ ಮುಂಚೆಯೇ ಅತ್ತೆಯವರು, ಅದೊಂದು ಬೇನೆ, ಔಷಧ ನಡೆದಿದೆ, ಇಳಿಯುತ್ತಿದೆ ಎಂದರು. ಟೀಚರಕ್ಕನವರನ್ನು ಒಂದು ಮಾತು ಕೇಳಬೇಕು: ಹೆರಿಗೆಯ ನಂತರ ಮತ್ತೆ ಎದ್ದಿತೇ?

ಕನ್ನಡ ಶಾಲೆಯ ಟೀಚರ್, ಬೆಳಗಾವಿ

ಇಲ್ಲ ತಂಗಿ, ಮತ್ತೆ ಏಳಲಿಲ್ಲ. ಒಮ್ಮೆ ಮಾದ ಮೇಲೆ ಮರುಕಳಿಸುವುದು ಅಪರೂಪವೆಂದು ನನ್ನ ಡಾಕ್ಟರೂ ಹೇಳಿದ್ದರು. ಬಾಣಂತನದಲ್ಲಿ ಬಿಸಿ ಕೆಂಡದ ಅಗ್ಗಿಷ್ಟಿಕೆಯ ಕಾವನ್ನು ಮಾತ್ರ ನಾನು ಮುಖಕ್ಕೆ ತಾಗಗೊಡಲಿಲ್ಲ. ತವರಿನಲ್ಲಿ ಅವ್ವನಿಗೆ ಈಗಲೇ ಹೇಳಿಡು. ಹಾಲುಣಿಸುವಾಗ ಪ್ರೆಡ್ನಿಸೋಲೋನ್ ನಡೆದಿದ್ದರೆ ಹೆದರಬೇಡ, ನನಗೆ ನಡೆದಿತ್ತು. ಐಸೊಟ್ರೆಟಿನಾಯಿನ್ ಮಾತ್ರ ಹಾಲು ಬಿಡಿಸುವವರೆಗೂ ಬೇಡ. ಕಲೆಗಳಿಗೆ ಏನು ಮಾಡಬೇಕೆಂಬುದನ್ನು ಕೂಸಿಗೆ ಆರು ತಿಂಗಳು ತುಂಬಿದ ಮೇಲೆ ನಿನ್ನ ಚರ್ಮದ ಡಾಕ್ಟರನ್ನೇ ಕೇಳು, ಅಷ್ಟರಲ್ಲಿ ಅರ್ಧದಷ್ಟು ತಾವಾಗಿಯೇ ತಿಳಿಯಾಗಿರುತ್ತವೆ, ನನ್ನ ಎಡಗೆನ್ನೆಯಲ್ಲಿ ಹಾಗೆಯೇ ಆಯಿತು.